ನೋಗನ್ ಮುರಿದ ಹರಕೆ

ನೋಗನ್ ತೀರಿಕೊಂಡು ವರ್ಷವಾಗುತ್ತಾ ಬಂತು. ಅವಳ ಬಗ್ಗೆ ಬರೆಯಲು ಕೂತಾಗಲೆಲ್ಲ ಅವಳ ತಮಾಷೆಯಿಂದ ಶುರುಮಾಡೋಣ ಎಂದುಕೊಳ್ಳುತ್ತೇನೆ. ಕೈ ಮಾತ್ರ ಅವಳ ನಾಚಿಕೆಯ ಕಡೆಗೇ ಹೋಗುತ್ತದೆ. ನಾನು ಹೇಳುತ್ತಿರುವುದು ಲಜ್ಜೆಯಲ್ಲ. ತಪ್ಪು ಮಾಡಿದವರು ನಾಲ್ಕು ಜನರ ನಡುವೆ ತಲೆ ಎತ್ತಲಾರದೆ ನಿಲ್ಲುತ್ತಾರಲ್ಲ, ಅದು. ಅವಳು ಅದನ್ನು ಬದುಕಿಡೀ ಹೊತ್ತಳು. ಹೊತ್ತುಕೊಂಡೇ ನಗುತ್ತಿದ್ದಳು, ಕುರಿ ಕಾಯುತ್ತಿದ್ದಳು, ನನ್ನನ್ನು ಗೇಲಿ ಮಾಡುತ್ತಿದ್ದಳು.

ನಾನು ಊರಿನ ಗ್ರಂಥಾಲಯದವಳು. ಆ ಕಾಲದಲ್ಲಿ ಸಾಮೂಹಿಕ ಫಾರ್ಮಿನ ಟ್ರಕ್ಕು ದೂರದ ಕುರಿದೊಡ್ಡಿಗಳಿಗೆ ಹಿಟ್ಟು, ಉಪ್ಪು, ಸೀಮೆಎಣ್ಣೆ ಒಯ್ಯುವಾಗ ಪುಸ್ತಕದ ಪೆಟ್ಟಿಗೆಯೊಂದಿಗೆ ನನ್ನನ್ನೂ ಹತ್ತಿಸಿಕೊಳ್ಳುತ್ತಿತ್ತು. ಕರಿನೆಲ ಎಂದು ನಾವು ಕರೆಯುವ ಹುಲ್ಲುಗಾವಲಿನ ಅಂಚಿನಲ್ಲಿ, ಗಾಳಿಗೆ ಎದೆಯೊಡ್ಡಿ ನಿಂತ ಒಂಟಿ ಮನೆ ಅವಳದು. ಮೊದಲ ಸಲ ಹೋದಾಗ ಬಾಗಿಲಲ್ಲೇ ಕೇಳಿದಳು:

"ಏನ್ ತಂದಿದೀಯ?"

"ಕಾದಂಬರಿ."

"ದಪ್ಪದ್ದೇನೇ?"

"ಯಾಕೆ?"

"ಈ ಬಾಗ್ಲು ಗಾಳಿಗೆ ನಿಲ್ಲಲ್ಲ ಕಣೇ. ಹೋದ ತಿಂಗಳು ಒಬ್ಬ ಕೊಟ್ಟು ಹೋದದ್ದು ತೆಳ್ಳಗಿತ್ತು. ಬಾಗ್ಲೂ ತೆಗೀತು, ಪುಸ್ತಕಾನೂ ಹಾರ್ಹೋಯ್ತು."

ನನಗೆ ಸಿಟ್ಟು ಬಂತು. ಅವಳು ಉಪ್ಪು ಹಾಕಿದ ಹಾಲಿನ ಚಹಾ ಕೊಟ್ಟು, ಹಿಟ್ಟು ನಾದಿ ಕೊಬ್ಬಿನಲ್ಲಿ ಕರಿದ ಬೊರ್ಚೊಗ್ ಮುಂದಿಟ್ಟು, "ತಿನ್ನು, ಪುಸ್ತಕದೋಳೇ. ಓದಿ ಓದಿ ಕೆನ್ನೆ ಒಳಗೆ ಹೋಗಿದಾವೆ" ಎಂದಳು. ಆ ಚಳಿಗಾಲ ಹಿಮಗಾಳಿಗೆ ಸಿಕ್ಕಿ ಅವಳ ಮನೆಯಲ್ಲೇ ಕೆಲವು ದಿನ ಉಳಿಯಬೇಕಾಯಿತು. ನಾನು ಗಟ್ಟಿಯಾಗಿ ಓದಿದೆ, ಅವಳು ಉಣ್ಣೆ ಹಿಂಜುತ್ತಾ ಕೇಳಿದಳು. ಕಥೆಯ ಹೆಂಗಸು ಗಂಡನನ್ನು ಬಿಟ್ಟು ಹೋಗುವ ಜಾಗದಲ್ಲಿ "ಕೋಟು ತಗೊಂಡಳಾ?" ಎಂದು ಕೇಳಿದಳು. ಬರೆದಿಲ್ಲ ಎಂದೆ. "ಹಂಗಾದ್ರೆ ವಾಪಸ್ ಬರ್ತಾಳೆ ಬಿಡು" ಎಂದಳು. ಹಾಗೆಯೇ ಆಯಿತು. ಅಂದಿನಿಂದ ನಲವತ್ತು ವರ್ಷ ನಾವು ಸ್ನೇಹಿತೆಯರು.

ಯುದ್ಧದ ಕಾಲದಲ್ಲಿ ಸರ್ಕಾರ ನಮ್ಮ ಜನರನ್ನೆಲ್ಲ ರೈಲಿಗೆ ತುಂಬಿ ಸೈಬೀರಿಯಾಕ್ಕೆ ಗಡೀಪಾರು ಮಾಡಿದಾಗ ನೋಗನ್ ಇನ್ನೂ ನಡೆಯಲು ಕಲಿಯುತ್ತಿದ್ದ ಮಗು. ನಾನು ಹುಟ್ಟಿದ್ದೇ ಅಲ್ಲಿ. ಅಲ್ಲಿ ಅವಳ ಇಬ್ಬರು ಅಣ್ಣಂದಿರು ಹಸಿವಿಗೆ ಹೋದರು. ಅವಳನ್ನು ಉಳಿಸಿದ್ದು ಬಯಲಲ್ಲಿ ಬಿಲ ತೋಡಿ ಬದುಕುವ ನೆಲದಳಿಲು. ವಸಂತದಲ್ಲಿ ಅವಳ ತಾಯಿ ಹಿಮ ಕರಗಿದ ನೀರನ್ನು ಬಿಲಕ್ಕೆ ಸುರಿದು, ಮೇಲೆ ಬಂದದ್ದನ್ನು ಹಿಡಿದು, ಬೇಯಿಸಿ ಸಾರು ಮಾಡಿ ಮಗಳಿಗೆ ಕುಡಿಸುತ್ತಿದ್ದಳು. "ಅಳಿಲಿನ ಸಾರು ಕುಡಿದು ಬೆಳೆದೋಳು ನಾನು, ಅದಕ್ಕೇ ಹಿಂಗೆ ಗಿಡ್ಡ" ಎನ್ನುತ್ತಿದ್ದಳು ನೋಗನ್. ಹಿಡಿಯುವ ಮೊದಲು ತಾಯಿ ಬಿಲದ ಬಾಯಿಗೆ ಕೈ ಮುಗಿಯುತ್ತಿದ್ದಳಂತೆ. ಅದನ್ನು ಹೇಳುವಾಗ ಮಾತ್ರ ಅವಳಿಗೆ ನಗು ಬರುತ್ತಿರಲಿಲ್ಲ.

ಊರಿಗೆ ಮರಳಿ ಕೆಲವು ವರ್ಷಗಳಾದ ಮೇಲೆ, ಅವಳಿಗೆ ಇಪ್ಪತ್ತು ತುಂಬಿದ್ದಾಗ, ಪಟ್ಟಣದಿಂದ ಒಂದು ತಂಡ ಬಂತು. ನೆಲದಳಿಲು ಪ್ಲೇಗು ಹಬ್ಬಿಸುತ್ತದೆ, ಕುರಿಯ ಹುಲ್ಲು ತಿನ್ನುತ್ತದೆ, ನಿರ್ಮೂಲ ಮಾಡಬೇಕು ಎಂದರು. ವಿಷ ಹಚ್ಚಿದ ಓಟ್ಸ್ ಕಾಳಿನ ಮೂಟೆಗಳು ಬಂದವು. ಬೆಳ್ಳುಳ್ಳಿಯ ವಾಸನೆ ಹೊಡೆಯುತ್ತಿತ್ತು. ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಕೈಗೊಂದು ಉದ್ದ ಹಿಡಿಯ ಚಮಚ ಕೊಟ್ಟರು. ಬಿಲಕ್ಕೊಂದು ಚಮಚ ಕಾಳು. ನೋಗನ್‌ನಷ್ಟು ಚುರುಕಾಗಿ ಯಾರೂ ಹಾಕಲಿಲ್ಲ; ಬಿಲ ಎಲ್ಲಿರುತ್ತದೆ ಎಂದು ಅವಳಿಗೆ ಗೊತ್ತಿತ್ತಲ್ಲ, ತಾಯಿಯೊಂದಿಗೆ ಹುಡುಕಿ ಬೆಳೆದವಳು. ಜಿಲ್ಲಾ ಪತ್ರಿಕೆಯಲ್ಲಿ ಅವಳ ಫೋಟೋ ಬಂತು. ಕೈಯಲ್ಲಿ ಚಮಚ, ಮುಖದ ತುಂಬ ನಗು.

ಅವಳು ಅದನ್ನು ತಂದು ತಾಯಿಗೆ ತೋರಿಸಿದಳು. ತಾಯಿ ಜಪಮಾಲೆ ಕೆಳಗಿಟ್ಟು ಫೋಟೋವನ್ನು ಬಹಳ ಹೊತ್ತು ನೋಡಿದಳಂತೆ.

"ನಿನಗೆ ಉಣ್ಣೋಕೆ ತಮ್ಮ ಮೈಯನ್ನೇ ಕೊಟ್ಟವು ಇವು. ನೀನು ಇವಕ್ಕೆ ಉಣ್ಣೋಕೆ ಕೊಟ್ಟು ಸಾಯಿಸ್ತಿದೀಯ. ಹಿಡಿದು ತಿನ್ನೋದು ಹಸಿವು. ಊಟದಲ್ಲಿ ವಿಷ ಇಕ್ಕೋದು ಏನೇ ಅದು? ಯಾರು ಕಲಿಸಿದ್ರು ನಿನಗೆ?"

"ಎಲ್ರೂ ಹಾಕಿದ್ರಲ್ಲವ್ವಾ..."

"ಎಲ್ರೂ ನನ್ನ ಹೊಟ್ಟೇಲಿ ಹುಟ್ಟಿಲ್ಲ."

ಆಮೇಲೆ ಆ ತಾಯಿ ಬೈಯಲಿಲ್ಲ. ಆದರೆ ಸಾಯುವ ತನಕ ಮಗಳ ಕೈಯಿಂದ ಏನನ್ನೂ ಉಣ್ಣಲಿಲ್ಲ. ತನ್ನ ಚಹಾ ತಾನೇ ಕಾಸಿಕೊಂಡಳು, ಹಾಸಿಗೆ ಹಿಡಿದ ಮೇಲೂ ಪಕ್ಕದ ಮನೆಯವರು ಬಂದು ಕುಡಿಸಬೇಕಾಯಿತು. ನೋಗನ್ ಬಾಗಿಲ ಹೊರಗೆ ನಿಂತಿರುತ್ತಿದ್ದಳು. ಇದನ್ನು ಅವಳು ನನಗೆ ಹೇಳಿದ್ದು ಗೆಳೆತನವಾಗಿ ಹದಿನೈದು ವರ್ಷಗಳಾದ ಮೇಲೆ, ಅದೂ ಕುರಿಯ ಬೆನ್ನಿನ ಮೇಲೆ ಬಗ್ಗಿ ಉಣ್ಣೆ ಕತ್ತರಿಸುತ್ತಾ, ನನ್ನ ಮುಖ ನೋಡದೆ.

ಅಲ್ಲಿಗೆ ಮುಗಿಯಲಿಲ್ಲ. ಕುರಿ ಮೇಯಿಸುವುದರಲ್ಲೂ ಅವಳು ಮುಂದು. ಹಿಂದಿನವರು ಕರಿನೆಲವನ್ನು ಚಳಿಗಾಲಕ್ಕೆಂದೇ ಬಿಟ್ಟಿದ್ದರು. ಇಲ್ಲಿ ಹಿಮ ನಿಲ್ಲುವುದಿಲ್ಲ, ಹುಲ್ಲು ಮುಚ್ಚಿಹೋಗುವುದಿಲ್ಲ. ಬೇಸಿಗೆ ಬಂತೆಂದರೆ ಹಿಂಡುಗಳು ಬೇರೆ ಕಡೆ ಹೋಗಬೇಕು, ನೆಲ ಉಸಿರಾಡಬೇಕು. ಫಾರ್ಮಿನ ಕಾಲದಲ್ಲಿ ವರ್ಷವಿಡೀ ಇಲ್ಲೇ ಮೇಯಿಸಿ ಎಂದು ಆಜ್ಞೆಯಾಯಿತು. ಉಣ್ಣೆ ಬೇಕಿತ್ತು. ಚೂಪು ಗೊರಸಿನ ಹೊಸ ತಳಿಯ ಕುರಿಗಳು ಸಾವಿರ ಸಾವಿರ ಬಂದವು. ನೋಗನ್‌ಗೆ ಪದಕ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಮಾಚಿಪತ್ರೆಯ ಬೇರು ಕೂಡ ಕಾಣಿಸದಾಯಿತು, ಮರಳು ಎದ್ದು ನಡೆಯತೊಡಗಿತು. ಬೆಳಿಗ್ಗೆ ಎದ್ದು ಸಲಿಕೆಯಿಂದ ಬಾಗಿಲು ಬಿಡಿಸಿಕೊಂಡು ಹೊರಬರಬೇಕಿತ್ತು. ಆ ಮರಳಿಗೆ ಬೇರೆ ಜೀವಗಳು ಬಂದು ಸೇರಿದವು: ಉದ್ದ ಕಾಲಿನಲ್ಲಿ ಜಿಗಿಯುವ ಇಲಿ, ಹಳದಿ ಮೈಯ ಮರಳಿಲಿ. ನೆಲದಳಿಲಿಗೆ ಮಾತ್ರ ಸಡಿಲ ಮರಳು ಆಗುವುದಿಲ್ಲ, ಬಿಲ ಕುಸಿಯುತ್ತದೆ. ವಿಷದಿಂದ ಉಳಿದಿದ್ದವು ಮರಳಿನಿಂದ ಹೋದವು.

"ಒಂದು ಸಲ ಚಮಚದಿಂದ, ಇನ್ನೊಂದು ಸಲ ಗೊರಸಿನಿಂದ" ಎಂದಳು ನೋಗನ್. ಎರಡು ತಪ್ಪುಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಕೊಂಡುಬಿಟ್ಟಳು. ಮುಂದೆ ಆದದ್ದಕ್ಕೆಲ್ಲ ಅದೇ ಮೂಲ ಎಂದು ಈಗ ನನಗೆ ಅನ್ನಿಸುತ್ತದೆ.

ತೊಂಬತ್ತರ ದಶಕದಲ್ಲಿ ಫಾರ್ಮು ಮುರಿಯಿತು. ಕುರಿಗಳನ್ನು ಯಾರು ಯಾರೋ ಟ್ರಕ್ಕುಗಳಲ್ಲಿ ತುಂಬಿಕೊಂಡು ಹೋದರು. ಸಂಬಳವೂ ಇಲ್ಲ, ಹಿಂಡೂ ಇಲ್ಲ. ನೋಗನ್‌ನ ಗಂಡ ಅಷ್ಟರಲ್ಲಿ ತೀರಿಕೊಂಡಿದ್ದ, ಮಗಳು ಪಟ್ಟಣ ಸೇರಿದ್ದಳು. ಅವಳ ಬಳಿ ಹತ್ತಿಪ್ಪತ್ತು ಕುರಿ, ನಾಲ್ಕು ಮೇಕೆ ಉಳಿದವು. ಮನೆಯ ಹಿಂದಿನ ದಿಬ್ಬದ ನೆಲ ಗಟ್ಟಿ ಜೇಡಿ. ಮರಳು ಅಲ್ಲಿ ನಿಂತಿರಲಿಲ್ಲ. ಒಂದು ಏಪ್ರಿಲಿನಲ್ಲಿ ಆ ದಿಬ್ಬದಿಂದ ಸಿಳ್ಳೆ ಕೇಳಿಸಿತು. ನೆಲದಳಿಲು ಕಾವಲು ನಿಂತು ಹೊಡೆಯುವ ಸಿಳ್ಳೆ. ನೋಗನ್ ನನ್ನನ್ನು ಎಳೆದುಕೊಂಡು ಹೋಗಿ ತೋರಿಸಿದಳು. ಕೈಕಟ್ಟಿ ನಿಂತ ಪುಟ್ಟ ಮುದುಕರ ಹಾಗೆ ಅಲ್ಲೊಂದು ಇಲ್ಲೊಂದು ನಿಂತಿದ್ದವು. ಎಲ್ಲಿ ಅಡಗಿದ್ದವೋ, ಹೇಗೆ ಉಳಿದವೋ.

"ನನ್ನ ನೋಡಿ ಓಡಿಹೋಗ್ಲಿಲ್ಲ ಕಣೇ ಐಸಾ" ಎಂದಳು. "ನಾನ್ಯಾರು ಅಂತ ಗೊತ್ತಿಲ್ಲ ಇವಕ್ಕೆ."

ಅದೇ ವರ್ಷ ನಮ್ಮೂರಲ್ಲಿ ಹೊಸ ಗುಡಿಯಾಯಿತು. ಹಳೆಯವನ್ನು ಸರ್ಕಾರ ಕೆಡವಿದ ಅರವತ್ತು ವರ್ಷಗಳ ಮೇಲೆ ಮೊದಲ ಗುಡಿ. ಭಾರತದಲ್ಲಿ ಓದಿ ಬಂದ ಲಾಮಾ ಒಬ್ಬರು ಕೂತು ಎಲ್ಲರ ಹರಕೆ ಕೇಳಿದರು. ಒಬ್ಬ ವೋಡ್ಕಾ ಬಿಡುತ್ತೇನೆಂದ, ಇನ್ನೊಬ್ಬ ತಮ್ಮನೊಡನೆ ಮಾತಾಡುತ್ತೇನೆಂದ. ಕೆಲವರು ಹಳೆಯ ಪದ್ಧತಿಯಂತೆ ಟಗರನ್ನು ದೇವರಿಗೆ ಬಿಟ್ಟರು: ಕಿವಿಗೆ ಬಣ್ಣದ ಪಟ್ಟಿ ಕಟ್ಟಿ ಬಿಟ್ಟರೆ ಆ ಪ್ರಾಣಿಯನ್ನು ಕೊಯ್ಯುವಂತಿಲ್ಲ, ಮಾರುವಂತಿಲ್ಲ, ಉಣ್ಣೆ ಕತ್ತರಿಸುವಂತಿಲ್ಲ. ಕೊಟ್ಟ ಮಾತು ಮುರಿದರೆ ಮನೆಗೇ ಕೇಡು. ನೋಗನ್ ಸರದಿ ಬಂತು. ಟಗರೆಲ್ಲಿ ಎಂದು ಕೇಳಿದರು.

"ದಿಬ್ಬ ಬಿಡ್ತೀನಿ" ಎಂದಳು. "ನನ್ನ ಮನೆ ಹಿಂದಿನ ದಿಬ್ಬ. ಇನ್ಮೇಲೆ ಅಲ್ಲಿ ಗೊರಸು ಊರಬಾರ್ದು. ನಂದೂ ಇಲ್ಲ, ಯಾರದೂ ಇಲ್ಲ."

ಹಿಂದೆ ನಿಂತಿದ್ದ ಮುದುಕ ಮುತುಲ್ ಕಿಸಕ್ಕೆಂದು ನಕ್ಕ. "ದಿಬ್ಬಕ್ಕೆ ಕಿವಿ ಎಲ್ಲಿದೆಯೇ? ಪಟ್ಟಿ ಎಲ್ಲಿ ಕಟ್ತೀಯ?"

"ನಿನ್ನ ಕಿವಿ ಎರವಲು ಕೊಡು ಮಾವ. ಹೆಂಗೂ ಕೇಳ್ಸಲ್ಲ, ಸುಮ್ನೆ ನೇತಾಡ್ತಿದಾವೆ."

ಗುಡಿಯೆಲ್ಲ ನಕ್ಕಿತು. ಲಾಮಾ ನಗಲಿಲ್ಲ. ಯಾಕೆ ಎಂದು ಕೇಳಿದರು. ಆಗ ಅವಳು ಎಲ್ಲರ ಮುಂದೆ ಚಮಚದ ವಿಷಯ ಹೇಳಿದಳು. ಅವಳೊಡನೆ ಅಂದು ಸಾಲಿನಲ್ಲಿ ನಿಂತಿದ್ದ ಹೆಂಗಸರು ಮೂವರು ಅಲ್ಲೇ ಇದ್ದರು. ಅವರು ನೆಲ ನೋಡಿದರು. ಮರುದಿನ ದಿಬ್ಬದ ಸುತ್ತ ಗೂಟ ನೆಟ್ಟು ಪಟ್ಟಿ ಕಟ್ಟಿದೆವು.

ಮೊದಲೆರಡು ವರ್ಷ ಅವಳ ಮುಖವೇ ಬೇರೆ. ಊರಿನವರು ದಿಬ್ಬದ ಬಳಿ ಬಂದು ಹಾಲು ಚಿಮುಕಿಸಿ ಹೋಗುತ್ತಿದ್ದರು. ಕುರಿಗಾಹಿಗಳು ಹಿಂಡನ್ನು ಸುತ್ತು ಹಾಕಿ ಒಯ್ಯುತ್ತಿದ್ದರು. ನಮ್ಮ ಕಡೆಯ ನೆಲವೆಲ್ಲ ಆಗ ಹಸಿರಾಗುತ್ತಿತ್ತು, ಯಾಕೆಂದರೆ ಹಿಂಡುಗಳು ಬೆರಳೆಣಿಕೆಯಷ್ಟೇ ಉಳಿದಿದ್ದವು; ಆದರೆ ನೋಗನ್ ದಿಬ್ಬದ ಹಸಿರಿನ ಮುಂದೆ ಬೇರೆ ಯಾವುದೂ ಇಲ್ಲ. ಗರಿಹುಲ್ಲು ಮೊಣಕಾಲಿಗೆ ಬಂತು, ಗಾಳಿ ಬೀಸಿದರೆ ಬೆಳ್ಳಿಯ ಹಾಗೆ ಹೊರಳುತ್ತಿತ್ತು. ದೇವರು ಮೆಚ್ಚಿದ ಎಂದರು ಜನ. ಮುತುಲ್ ಕೂಡ ಟೋಪಿ ತೆಗೆದು ನಿಂತ.

ಅಳಿಲುಗಳು ಕಡಿಮೆಯಾಗುತ್ತಿದ್ದವು. ಮೊದಲು ನನಗೆ ಹೇಳಲಿಲ್ಲ ಅವಳು. ಒಂದು ವಸಂತದಲ್ಲಿ ಸಿಳ್ಳೆ ವಿರಳವಾಯಿತು, ಮುಂದಿನದರಲ್ಲಿ ಇನ್ನೂ ವಿರಳ. ನರಿ ಹೆಚ್ಚಾಗಿದೆ ಎಂದೆ ನಾನು, ಎಲ್ಲೋ ಓದಿದ್ದೆ. ಅವಳು ನಾಯಿಯನ್ನು ಕಟ್ಟಿಹಾಕಿದಳು. ಇದ್ದ ಕುರಿಗಳನ್ನೂ ಮಗಳ ಗಂಡನ ಮನೆಗೆ ಕೊಟ್ಟುಬಿಟ್ಟಳು. ಗೊರಸಿನ ಸದ್ದೇ ಬೇಡ ಎಂದು. ಹಾಲಿಗೆಂದು ಕಟ್ಟಿಹಾಕಿದ ಮೇಕೆ ಮಾತ್ರ ಉಳಿದವು. ಹುಲ್ಲು ಇನ್ನಷ್ಟು ಬೆಳೆಯಿತು, ದಿಬ್ಬ ಇನ್ನಷ್ಟು ಮೌನವಾಯಿತು. ಹುಲ್ಲಿನ ಬುಡದಲ್ಲಿ ಬೆರಳಗಲದ ಸುರಂಗಗಳು ಕಾಣಿಸಿದವು. ಮೋಟು ಬಾಲದ ಹುಲ್ಲಿಲಿಗಳು ಬಂದಿದ್ದವು.

"ಇವೂ ಜೀವಾನೇ, ಇರ್ಲಿ" ಎಂದಳು. "ಆದ್ರೆ ನಾನು ತಪ್ಪು ಮಾಡಿದ್ದು ಇವಕ್ಕಲ್ಲ."

ಆ ದಿನಗಳಲ್ಲಿ ಅವಳ ಕಣ್ಣು ಬಸಂಗ್ ಮೇಲೆ ಬಿತ್ತು. ಬಾವಿಯ ಆ ಕಡೆ ಹೊಸದಾಗಿ ಹಿಂಡು ಕಟ್ಟಿದ್ದ ನಡುವಯಸ್ಸಿನ ಮನುಷ್ಯ, ಮಾತು ಕಡಿಮೆ. ಅವನ ಕೊಟ್ಟಿಗೆಯಲ್ಲಿ ತಂತಿಯ ಉರುಳು ನೇತಾಡುವುದನ್ನು ನೋಗನ್ ನೋಡಿದಳು. ಮೊಲಕ್ಕೆ ಹಾಕುವ ಉರುಳು ಅದು, ಎಲ್ಲರ ಮನೆಯಲ್ಲೂ ಇರುತ್ತದೆ. ಅವಳಿಗೆ ಹಾಗೆ ಕಾಣಲಿಲ್ಲ. ಬಾವಿಯ ಬಳಿ ಹತ್ತು ಜನ ನೀರು ತುಂಬುತ್ತಿದ್ದಾಗ ಕೂಗಿದಳು.

"ಲೋ ಬಸಂಗಾ! ದೇವರಿಗೆ ಬಿಟ್ಟಿದ್ದನ್ನ ಕದ್ದು ಚರ್ಮ ಸುಲೀತೀಯಲ್ಲೋ, ನಿನ್ನ ಮನೇಲಿ ದೀಪ ಹಚ್ಚಲ್ವಾ? ಅಳಿಲು ಕಳ್ಳ!"

ಅವನು ಬಕೆಟ್ಟು ಕೆಳಗಿಟ್ಟ. ಕಿವಿಯವರೆಗೆ ಕೆಂಪಾದ. "ನಾನು ಮುಟ್ಟಿಲ್ಲ ದೊಡ್ಡಮ್ಮ" ಎಂದ ಅಷ್ಟೇ. ಹಿರಿಯಳಿಗೆ ಎದುರಾಡುವುದು ನಮ್ಮಲ್ಲಿಲ್ಲ. ಆದರೆ ಆ ಹೆಸರು ಅವನಿಗೆ ಅಂಟಿತು. ಅಂಗಡಿಯಲ್ಲಿ, ಮದುವೆಯಲ್ಲಿ, ಹಿಂದಿನಿಂದ ಯಾರಾದರೂ ಸಣ್ಣಗೆ ಸಿಳ್ಳೆ ಹಾಕುತ್ತಿದ್ದರು. ಚಳಿಗಾಲದ ಕೊನೆಗೆ ಬರುವ ಬಿಳಿ ತಿಂಗಳ ಹಬ್ಬಕ್ಕೆ ಕಿರಿಯರು ಹಿರಿಯರ ಮನೆಗೆ ಹೋಗಿ ನಮಸ್ಕರಿಸಿ ಬರಬೇಕು. ಬಸಂಗ್ ಎಲ್ಲರ ಮನೆಗೂ ಹೋಗುತ್ತಿದ್ದ, ನೋಗನ್ ಬಾಗಿಲಿಗೆ ಮಾತ್ರ ಬರಲಿಲ್ಲ. ಹಾಗೆಯೇ ವರ್ಷಗಳು ಹೋದವು.

ಒಂದು ಮೇ ತಿಂಗಳಲ್ಲಿ ಅವಳ ಮೇಕೆಯೊಂದು ತಪ್ಪಿಸಿಕೊಂಡಿತು. ನಾವಿಬ್ಬರೂ ಹುಡುಕುತ್ತಾ ಬಾವಿ ದಾಟಿ ಬಸಂಗ್‌ನ ಬಯಲಿಗೆ ಬಂದೆವು. ಕುರಿ ತುಳಿದು ತುಳಿದು ಚಪ್ಪಟೆಯಾದ ನೆಲ, ಹಿಕ್ಕೆ, ಬೆರಳುದ್ದದ ಹುಲ್ಲು. ಸೊಬಗು ಎನ್ನುವಂಥದ್ದು ಏನೂ ಇಲ್ಲ. ಅಲ್ಲಿ ಸಿಳ್ಳೆ ಕೇಳಿಸಿತು.

ನೋಗನ್ ನಿಂತಳು. ಮನುಷ್ಯರು ಹಾಕುವ ಸಿಳ್ಳೆಯಲ್ಲ. ಹಿಂಡು ಮಧ್ಯಾಹ್ನದ ನೆರಳಿಗೆ ಹೋಗಿತ್ತು. ಖಾಲಿ ಬಯಲಿನಲ್ಲಿ ಒಂದು ಎದ್ದು ನಿಂತಿತು, ಆಚೆ ಇನ್ನೊಂದು, ಅದರಾಚೆ ಒಂದು ತಾಯಿ, ಸುತ್ತ ಮರಿಗಳು. ನಾವು ಎಷ್ಟು ದೂರದಲ್ಲಿದ್ದರೂ ಅವು ನಮ್ಮನ್ನು ನೋಡಿದ್ದವು. ಒಂದೇ ಕ್ಷಣ, ಎಲ್ಲವೂ ಬಿಲ ಸೇರಿದವು.

"ಇಲ್ಲಿದಾವೆ" ಎಂದೆ ನಾನು. ಖುಷಿಯಿಂದಲೇ ಹೇಳಿದೆ. ಅವಳ ಮುಖ ನೋಡಿದ ಮೇಲೆ ಸುಮ್ಮನಾದೆ.

ಮೇಕೆಯನ್ನು ಮರೆತು ಅವಳು ಹಿಂದಿರುಗಿ ನಡೆದಳು. ನೇರ ತನ್ನ ದಿಬ್ಬಕ್ಕೆ ಹೋಗಿ, ಪಟ್ಟಿ ದಾಟಿ, ಗರಿಹುಲ್ಲಿನ ನಡುವೆ ಹೊಟ್ಟೆಯ ಮೇಲೆ ಮಲಗಿಬಿಟ್ಟಳು. ಎಪ್ಪತ್ತರ ಹತ್ತಿರದ ಹೆಂಗಸು. ನನಗೆ ಗಾಬರಿಯಾಯಿತು.

"ಎದೆ ನೋವಾ? ನೋಗನ್!"

"ಬಾಯ್ಮುಚ್ಚು. ನೀನೂ ಮಲಕ್ಕೋ."

"ಹುಚ್ಚು ಹಿಡೀತಾ ನಿನಗೆ?"

"ಮಲಕ್ಕೋ ಅಂದೆ."

ಮಲಗಿದೆ. ಗದ್ದ ನೆಲಕ್ಕೆ ತಾಗಿತು. ಕಣ್ಣ ಮುಂದೆ ಹುಲ್ಲಿನ ಕಡ್ಡಿಗಳು, ಅದರ ಹಿಂದೆ ಕಡ್ಡಿಗಳು, ಕೊಳೆತ ಹಳೇ ಹುಲ್ಲಿನ ಹಾಸು. ಆಕಾಶ ಕೂಡ ಚೂರು ಚೂರು. ಪಕ್ಕದಲ್ಲೇ ಇದ್ದ ಅವಳು ನನಗೆ ಕಾಣಿಸುತ್ತಿರಲಿಲ್ಲ.

"ಏನ್ ಕಾಣ್ತಿದೆ?" ಎಂದು ಹುಲ್ಲಿನೊಳಗಿನಿಂದ ಕೇಳಿದಳು.

"ಏನೂ ಇಲ್ಲ."

"ನರಿ ಬಂದ್ರೆ?"

"ಮೂಗಿಗೆ ಮೂಗು ತಾಗಿದ ಮೇಲೆ ಗೊತ್ತಾಗುತ್ತೆ."

ಅವಳು ಹುಲ್ಲು ಕೀಳುವ ಸದ್ದು ಕೇಳಿಸಿತು. ಆಮೇಲೆ ಹೇಳಿದಳು: "ಯಾರೂ ಕದ್ದಿಲ್ಲ ಐಸಾ. ಅವೇ ಗಂಟುಮೂಟೆ ಕಟ್ಕೊಂಡು ಹೋಗಿದಾವೆ. ಈ ಹುಲ್ಲು ಬೆಳೆಸಿ ನಾನು ಅವುಗಳ ಕಣ್ಣು ಕಟ್ಟಿಹಾಕಿದೆ. ಮೂರನೇ ಸಲ."

ಅವಳನ್ನು ಎಬ್ಬಿಸಿ ಕೂರಿಸುವಷ್ಟರಲ್ಲಿ ನನ್ನ ಬೆನ್ನು ಹೋಯಿತು. ಇಬ್ಬರ ಕೂದಲಲ್ಲೂ ಹುಲ್ಲಿನ ಮುಳ್ಳು. ನಗುವಂತಿತ್ತು, ನಗಲಿಲ್ಲ.

ಏನು ಮಾಡಬೇಕು ಎಂಬುದು ಅವಳಿಗೆ ಅಂದೇ ಗೊತ್ತಾಗಿತ್ತು. ದಿಬ್ಬಕ್ಕೆ ಕುರಿ ಬಿಡಬೇಕು. ಆದರೆ ದೇವರಿಗೆ ಬಿಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡವರು ನಮ್ಮ ಕಡೆ ಯಾರೂ ಇಲ್ಲ. ಹರಕೆ ಕೇಳಿದ ಲಾಮಾ ಭಾರತಕ್ಕೆ ಹಿಂದಿರುಗಿದ್ದರು. ಗುಡಿಯಲ್ಲಿದ್ದ ಕಿರಿಯ ಲಾಮಾ, ಬೇರೆಯವರ ಮುಂದೆ ಕೊಟ್ಟ ಮಾತನ್ನು ಬಿಡಿಸಲು ತನ್ನಿಂದ ಆಗದು ಎಂದರು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅವಳ ಬಳಿ ಕುರಿಗಳಿರಲಿಲ್ಲ, ಮೂರು ನಾಲ್ಕು ಮೇಕೆಗೆ ಅಷ್ಟು ಹುಲ್ಲು ಮುಗಿಯದು. ಹತ್ತಿರದಲ್ಲಿ ಹಿಂಡು ಇದ್ದದ್ದು ಒಬ್ಬನಿಗೇ.

ಬೇಸಿಗೆ ಹೋಯಿತು, ಚಳಿ ಬಂತು. ನಾನು ಹೋದಾಗಲೆಲ್ಲ "ಬಸಂಗ್ ಹತ್ರ ಹೋದೆಯಾ?" ಎಂದು ಕೇಳುತ್ತಿದ್ದೆ. "ಇವತ್ತು ಗಾಳಿ" ಎನ್ನುತ್ತಿದ್ದಳು. ಗಾಳಿ ನಮ್ಮಲ್ಲಿ ಯಾವ ದಿನ ಇರುವುದಿಲ್ಲ?

ಬಿಳಿ ತಿಂಗಳ ಹಬ್ಬದ ಬೆಳಿಗ್ಗೆ ಅವಳು ಹೊಸ ಶಾಲು ಹೊದ್ದು, ಚಹಾ ಸೊಪ್ಪಿನ ಗಟ್ಟಿ ಇಟ್ಟಿಗೆ, ಒಂದು ಬೋಗುಣಿ ಬೊರ್ಚೊಗ್ ಹಿಡಿದು ನನ್ನ ಬಾಗಿಲಿಗೆ ಬಂದಳು. "ನಡಿ." ಆ ದಿನ ಹಿರಿಯಳು ಮನೆಯಲ್ಲಿ ಕೂತು ಕಿರಿಯರಿಗೆ ಕಾಯಬೇಕು. ಎಪ್ಪತ್ತು ವರ್ಷದವಳು ಐವತ್ತರವನ ಬಾಗಿಲಿಗೆ ಮೊದಲು ಹೋದರೆ ಲೋಕ ತಲೆಕೆಳಗಾದಂತೆ. ಬಸಂಗ್‌ನ ಮನೆ ಊರಿನ ಕೊನೆಯಲ್ಲಿ; ದಾರಿಯುದ್ದಕ್ಕೂ ಕಿಟಕಿಗಳ ಪರದೆ ಸರಿದವು. ಅವಳು ನೆಲ ನೋಡಿಕೊಂಡು ನಡೆದಳು.

ಬಾಗಿಲು ತೆಗೆದ ಬಸಂಗ್‌ನ ಹೆಂಡತಿ ದೆಲ್ಗಿರ್ ಕೈ ಒರೆಸಿಕೊಳ್ಳುತ್ತಾ ಹಾಗೇ ನಿಂತಳು. "ಯಾರು ಬಂದಿದಾರೆ ನೋಡ್ರೀ. ಕಳ್ಳರ ಮನೆ ದಾರಿ ತಪ್ಪಿ ಬಂದ್ರಾ ದೊಡ್ಡಮ್ಮ?"

"ಇಲ್ಲ ಮಗಳೇ. ನೋಡ್ಕೊಂಡೇ ಬಂದಿದೀನಿ."

ಬಸಂಗ್ ಎದ್ದು ನಿಂತ. ಕಿರಿಯವನು ಮೊದಲು ಕೈ ಚಾಚಿ ಹಿರಿಯರ ಕೈ ಹಿಡಿಯಬೇಕು. ಅವನ ಕೈ ಎದ್ದು ಅರ್ಧಕ್ಕೆ ನಿಂತಿತು. ನೋಗನ್ ತಾನೇ ಮುಂದೆ ಹೋಗಿ ತನ್ನ ಎರಡು ಕೈಗಳನ್ನು ಅವನ ಕೈಗಳ ಅಡಿಗೆ ಕೊಟ್ಟಳು. ಕಿರಿಯರು ಕೊಡುವಂತೆ, ಕೆಳಗಿನಿಂದ. ದೆಲ್ಗಿರ್ ಬಾಯಿಗೆ ಕೈ ಅಡ್ಡ ಹಿಡಿದಳು.

"ನೀನು ಕಳ್ಳ ಅಲ್ಲ ಬಸಂಗ್. ಅವು ನಿನ್ನ ನೆಲದಲ್ಲಿದಾವೆ. ನಾನು ಕಣ್ಣಾರೆ ನೋಡ್ದೆ."

"ನನಗೂ ಗೊತ್ತು. ಮೊದ್ಲಿಂದ ನೋಡ್ತಿದೀನಿ."

"ಮತ್ತೆ ಯಾಕೋ ಹೇಳ್ಲಿಲ್ಲ?"

"ಕೇಳಿದ್ರಾ ದೊಡ್ಡಮ್ಮ? ನೀವು ಕೂಗಿದ್ರಿ."

ನೋಗನ್ ತಲೆ ತಗ್ಗಿಸಿದಳು. ದೆಲ್ಗಿರ್ ಚಹಾ ತಂದಿಟ್ಟಳು. ಬಟ್ಟಲು ಸ್ವಲ್ಪ ಸದ್ದು ಮಾಡಿತು. ಯಾರೂ ಕುಡಿಯಲಿಲ್ಲ. ಆಮೇಲೆ ನೋಗನ್ ತಾನು ಬಂದ ಕೆಲಸ ಹೇಳಿದಳು: ಅವನ ಹಿಂಡು ಅವಳ ದಿಬ್ಬದ ಮೇಲೆ ಮೇಯಬೇಕು. ಬಸಂಗ್ ಗೋಡೆಯ ಕಡೆ ತಿರುಗಿದ.

"ಕಳ್ಳ ಅನ್ನಿಸ್ಕೊಂಡಿದ್ದಾಯ್ತು. ಈಗ ಹರಕೆ ಮುರಿದೋನು ಅನ್ನಿಸ್ಕೋಬೇಕಾ? ನನ್ನ ಮನೇಲಿ ಮಕ್ಕಳಿದಾವೆ."

"ಕಟ್ಟಿದೋಳು ನಾನು, ಬಿಚ್ಚೋಳೂ ನಾನೇ. ಮೊದಲ್ನೇ ಕುರೀನ ನಾನೇ ಎಳ್ಕೊಂಡು ಒಳಗೆ ಹೋಗ್ತೀನಿ. ಕೇಡು ಬಂದ್ರೆ ನನ್ನ ಬಾಗ್ಲಿಗೆ ಬರ್ಲಿ, ಅದಕ್ಕೂ ದಾರಿ ಗೊತ್ತು."

"ಜನ?"

"ಜನ ನನ್ನ ಮುಖಕ್ಕೆ ಉಗೀಲಿ. ನಿನ್ನ ಮುಖಕ್ಕೆ ನಾನು ಉಗಿಸಿದ್ದು ಸಾಕು."

ಅವನು ಹೆಂಡತಿಯ ಕಡೆ ನೋಡಿದ. ದೆಲ್ಗಿರ್ ಬೋಗುಣಿಯಿಂದ ಒಂದು ಬೊರ್ಚೊಗ್ ಎತ್ತಿ, ಮುರಿದು, ಬಾಯಿಗೆ ಹಾಕಿಕೊಂಡಳು. ಅಗಿಯುತ್ತಾ ಹೇಳಿದಳು: "ಉಪ್ಪು ಜಾಸ್ತಿ ದೊಡ್ಡಮ್ಮ." ತನ್ನ ಕೈಯಲ್ಲಿ ಮಾಡಿದ್ದನ್ನು ಬೇರೆಯವರು ತಿನ್ನುವಾಗ ನೋಗನ್ ನೋಡುವ ರೀತಿ ನನಗೆ ಗೊತ್ತಿತ್ತು. "ಹೂಂ, ಕೈ ತಪ್ಪಿತು" ಎಂದಳು.

ಏಪ್ರಿಲಿನ ಆರಂಭದಲ್ಲಿ ಬಸಂಗ್ ಹಿಂಡು ಹೊಡೆದುಕೊಂಡು ಬಂದ. ಊರೇ ನೆರೆದಿತ್ತು. ನೋಗನ್ ಒಬ್ಬಳೇ ಗೂಟದಿಂದ ಗೂಟಕ್ಕೆ ಹೋಗಿ ಪಟ್ಟಿ ಬಿಚ್ಚಿದಳು. ಬಿಸಿಲಿಗೆ ಬಣ್ಣ ಹೋಗಿ ಗಂಟು ಬಿಗಿದಿದ್ದವು, ಕೆಲವನ್ನು ಹಲ್ಲಿನಿಂದ ಬಿಡಿಸಿದಳು. ಸಹಾಯಕ್ಕೆ ಹೋದ ನನ್ನನ್ನು ದೂಡಿದಳು. ಮುತುಲ್ ಕೋಲೂರಿ ಮುಂದೆ ಬಂದ.

"ಥೂ! ದೇವರಿಗೆ ಕೊಟ್ಟು ಕಿತ್ಕೊಳ್ಳೋದು ನಾಯಿ ಬುದ್ಧಿ."

"ಹೌದು ಮಾವ" ಎಂದಳು. ಅಂದು ಸಾಲಿನಲ್ಲಿ ಚಮಚ ಹಿಡಿದು ನಿಂತಿದ್ದ ಮುದುಕಿಯರು ಬೆನ್ನು ತಿರುಗಿಸಿ ನಿಂತರು. ಅವಳು ಮುಂದಾಳು ಟಗರಿನ ಕೊಂಬು ಹಿಡಿದು ಹುಲ್ಲಿನೊಳಗೆ ಎಳೆದಳು. ಟಗರು ಅಷ್ಟು ಎತ್ತರದ ಹುಲ್ಲಿಗೆ ಬೆದರಿ ಕಾಲೂರಿ ನಿಂತಿತು. ಅವಳು ಜಾರಿ ಬಿದ್ದಳು, ಎದ್ದಳು, ಮತ್ತೆ ಎಳೆದಳು. ಜನ ನಕ್ಕರು. ಕೊನೆಗೆ ಬಸಂಗ್ ಹಿಂದಿನಿಂದ ಬಂದು ಟಗರನ್ನು ತಳ್ಳಿದ. ಹಿಂಡು ಒಳಗೆ ಹರಿಯಿತು.

ಆ ವರ್ಷವೆಲ್ಲ ಅವಳು ಬಸಂಗ್‌ನ ಬೆನ್ನು ಹತ್ತಿದಳು. "ಸಾಕು, ತೆಗಿ." "ಇನ್ನೊಂದು ವಾರ ಬಿಡು." "ಬೇಸಿಗೇಲಿ ಬೇಡ, ಮತ್ತೆ ಮರಳು ಏಳುತ್ತೆ." ಅವನು ತಲೆ ಚಚ್ಚಿಕೊಂಡರೂ ಹೇಳಿದ ಹಾಗೆ ಮಾಡಿದ. ಜನ ಅವಳ ಮನೆಗೆ ಬರುವುದನ್ನು ಬಿಟ್ಟರು. ಗುಡಿಯಲ್ಲಿ ಅವಳು ಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕದಲ್ಲಿ ಕೂರುತ್ತಿದ್ದಳು, ಪಕ್ಕದಲ್ಲಿ ನಾನು. "ನೀನು ಮುಂದೆ ಹೋಗೇ" ಎನ್ನುತ್ತಿದ್ದಳು. "ಇಲ್ಲಿ ಗಾಳಿ ಚೆನ್ನಾಗಿದೆ" ಎನ್ನುತ್ತಿದ್ದೆ. ಆ ವಸಂತ ದಿಬ್ಬದಲ್ಲಿ ಒಂದೂ ಅಳಿಲು ಕಾಣಿಸಲಿಲ್ಲ. ಅವಳು ದಿನವೂ ಹೋಗಿ ನಿಂತು ಬರುತ್ತಿದ್ದಳು.

ಜನವರಿಯಲ್ಲಿ ಅವಳ ಉಸಿರು ಕೆಟ್ಟಿತು. ಮಗಳು ಬರುವಷ್ಟರಲ್ಲಿ ಮುಗಿದಿತ್ತು. ನಾನು ಲಾಮಾ ಮಂತ್ರ ಓದುವಂತೆ ಗಂಭೀರವಾಗಿ ಓದುತ್ತೇನೆ ಎಂದು ಮೊದಲೆಲ್ಲ ಗೇಲಿ ಮಾಡುತ್ತಿದ್ದವಳು ಕೊನೆಯ ದಿನ ಓದು ಎಂದು ತಾನೇ ಕೇಳಿದಳು. ಎರಡು ಪುಟವಾದ ಮೇಲೆ ಕೈ ಎತ್ತಿ ನಿಲ್ಲಿಸಿದಳು. "ಐಸಾ, ನಾನು ಸರಿ ಮಾಡಿದ್ನಾ, ಮತ್ತೆ ತಪ್ಪು ಮಾಡಿದ್ನಾ?" ಗೊತ್ತಿಲ್ಲ ಎಂದೆ. ಸರಿ ಎಂದು ಹೇಳಬಹುದಿತ್ತು. ಸುಳ್ಳು ಹೇಳಿದರೆ ಅವಳಿಗೆ ಗೊತ್ತಾಗುತ್ತಿತ್ತು.

ನಲವತ್ತೊಂಬತ್ತನೇ ದಿನದ ಪೂಜೆಗೆ ಜನ ಬಂದರು. ಸಾವಿನ ಮನೆಗೆ ಬರದೆ ಇರುವುದಿಲ್ಲ ನಮ್ಮವರು. ಚಹಾ ಕುಡಿಯುತ್ತಾ ಮುತುಲ್ ಹೇಳಿದ: "ವರ್ಷ ತುಂಬ್ಲಿಲ್ಲ ನೋಡಿ. ಹರಕೆ ಯಾರನ್ನೂ ಬಿಡಲ್ಲ." ಅವಳ ಮಗಳು ಅಳುತ್ತಾ ಒಳಗೆ ಹೋದಳು.

ಬಸಂಗ್ ಬಟ್ಟಲು ಕೆಳಗಿಟ್ಟ. "ಹಿಂಡು ನಂದು ಮಾವ. ನಾನಿನ್ನೂ ಇದೀನಲ್ಲ."

"ನಿನ್ನ ಸರದೀನೂ ಬರುತ್ತೆ."

"ಬರ್ಲಿ. ಅಲ್ಲೀವರ್ಗೂ ಮೇಯಿಸ್ತೀನಿ."

ಬಾವಿಯ ಬಳಿ ಕೂಗಿಸಿಕೊಂಡು ಕೆಂಪಾಗಿ ನಿಂತವನೇ ಇವನು ಎಂದು ನಂಬುವುದು ನನಗೆ ಕಷ್ಟವಾಯಿತು.

ನನ್ನ ಕಾಲು ಈಗ ಅಷ್ಟು ದೂರ ನಡೆಯುವುದಿಲ್ಲ. ಈ ಏಪ್ರಿಲಿನಲ್ಲಿ ಅವನೇ ಫೋನು ಮಾಡಿದ.

"ಚಿಕ್ಕಮ್ಮ, ಎರಡು ಬಿಲ. ಹೊಸ ಮಣ್ಣು ಹೊರಗೆ ಬಿದ್ದಿದೆ."

"ದಿಬ್ಬದ ಮೇಲಾ?"

"ದಿಬ್ಬದ ಮೇಲೆ, ಬಾವಿ ಕಡೆ ಇಳಿಜಾರಲ್ಲಿ. ನಮ್ಮ ಬಯಲಿಂದ ಬಂದವೋ ಏನೋ. ಒಂದನ್ನ ನೋಡ್ದೆ, ಎದ್ದು ನಿಂತು ನನ್ನೇ ನೋಡ್ತಿತ್ತು."

"ಜನಕ್ಕೆ ಹೇಳಿದೆಯಾ?"

"ಹೇಳ್ದೆ. ಎರಡು ಬಿಲಕ್ಕೋಸ್ಕರ ಹರಕೆ ಮುರಿದಳಾ ಮುದುಕಿ, ಅಂದ್ರು."

"ನೀನೇನಂದೆ?"

"ಹೌದು, ಎರಡಕ್ಕೇ, ಅಂದೆ."

ಕುರಿಗೆ ನೀರು ಬಿಡುವ ಹೊತ್ತಾಗಿತ್ತು, ಫೋನು ಇಟ್ಟ. ನಾನು ಕಿಟಕಿಯ ಬಳಿ ಕೂತಿದ್ದೆ. ನೋಗನ್ ಇದ್ದಿದ್ದರೆ ಈ ಸುದ್ದಿಗೆ ಹಿಗ್ಗುತ್ತಿರಲಿಲ್ಲ ಎಂದು ಅನ್ನಿಸಿತು. ಸಾವಿರಾರು ಇದ್ದ ಜಾಗದಲ್ಲಿ ಎರಡು ಎಂದು ತಲೆ ತಗ್ಗಿಸುತ್ತಿದ್ದಳು. ಆಮೇಲೆ ಶಾಲು ಹೊದ್ದು, ಗಾಳಿಯನ್ನು ಬೈಯುತ್ತಾ, ನೋಡಲು ಹೊರಡುತ್ತಿದ್ದಳು.